ಪ್ರಯಾಣವಿಲ್ಲದ ದಿನ ಮೊದಲ ಲಾಗಿನ್



ರೈಲು ಟಿಕೆಟ್ ಬೇಕಾದಾಗ ನಿಮ್ಮಲ್ಲಿ ಅನೇಕರು ಇವತ್ತಿಗೂ ಇನ್ನೊಬ್ಬರನ್ನು ಕೇಳುತ್ತೀರಿ. ಬಸ್ ನಿಲ್ದಾಣದ ಪಕ್ಕದ ಸೈಬರ್ ಸೆಂಟರಿನವರು ಇರಬಹುದು. ಬೆಂಗಳೂರಿನಲ್ಲಿರುವ ಮಗಳೋ ಅಳಿಯನೋ ಇರಬಹುದು. ಅವರು ಟಿಕೆಟ್ ಮಾಡಿಕೊಡುತ್ತಾರೆ, ನೀವು ಹೊರಡುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ಒಂದು ದಿನ ನಿಮಗೇ ಅನ್ನಿಸುತ್ತದೆ, ಇದನ್ನು ನಾನೇ ಯಾಕೆ ಮಾಡಬಾರದು ಎಂದು. ಹಾಗೆ ಅನ್ನಿಸಿದವರಿಗಾಗಿ ಇಂದಿನ ಮಾತು. ರೈಲ್ವೆಯ ಆನ್‌ಲೈನ್ ಬುಕಿಂಗ್ ವ್ಯವಸ್ಥೆಗೆ ಮೊದಲ ಸಲ ಸುರಕ್ಷಿತವಾಗಿ ಲಾಗಿನ್ ಆಗುವುದು ಹೇಗೆ? ಅಷ್ಟೇ ವಿಷಯ. ಸೀಟು ಹುಡುಕುವುದು, ಹಣ ಕಟ್ಟುವುದು, ಕೆಳಗಿನ ಬರ್ತ್ ಗಿಟ್ಟಿಸುವುದು ಇವೆಲ್ಲ ಇನ್ನೊಂದು ದಿನದ ಮಾತು.

ಮುಖ್ಯ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಲಾಗಿನ್‌ಗೆ ಪ್ರಯಾಣವಿಲ್ಲದ ದಿನವನ್ನು ಆರಿಸಿಕೊಳ್ಳಿ. ನಾಳೆ ಹುಬ್ಬಳ್ಳಿಯಲ್ಲಿ ಮದುವೆ, ಕೊನೆ ಗಳಿಗೆಯವರ ತತ್ಕಾಲ್ ಬುಕಿಂಗ್ ತೆರೆಯಲು ಹತ್ತು ನಿಮಿಷ ಬಾಕಿ, ಮನೆಯವರೆಲ್ಲ ಹೆಗಲ ಮೇಲೆ ಬಗ್ಗಿ ಫೋನು ನೋಡುತ್ತಿದ್ದಾರೆ. ಅಂಥ ಹೊತ್ತು ಬೇಡವೇ ಬೇಡ. ಆನ್‌ಲೈನ್ ಮೋಸಕ್ಕೆ ಸಿಕ್ಕವರನ್ನು ಕೇಳಿ ನೋಡಿ. ಅವರಲ್ಲಿ ಓದಿದವರೂ ಇದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡಿದವರೂ ಇದ್ದಾರೆ. ತಿಳಿವಳಿಕೆಯ ಕೊರತೆಗಿಂತ ಅವಸರವೇ ಹೆಚ್ಚು ಜನರನ್ನು ಕೆಡವುತ್ತದೆ ಎಂಬುದು ನನ್ನ ಎಣಿಕೆ.

ಸ್ವಲ್ಪ ಹಿಂದಿನದನ್ನು ನೆನೆಯೋಣ. ರೈಲ್ವೆಯ ರಿಸರ್ವೇಶನ್ ಕಂಪ್ಯೂಟರಿಗೆ ಬಂದದ್ದು 1980ರ ದಶಕದ ನಡುವಿನಲ್ಲಿ, ಮೊದಲು ದೆಹಲಿಯಲ್ಲಿ. ಅದಕ್ಕೂ ಮುಂಚೆ ಗುಮಾಸ್ತರ ಮುಂದೆ ದಪ್ಪ ಲೆಡ್ಜರು ಇರುತ್ತಿತ್ತು. ಐಆರ್‌ಸಿಟಿಸಿ ಎಂಬ ರೈಲ್ವೆಯ ಸಂಸ್ಥೆ ಹುಟ್ಟಿದ್ದು 1999ರಲ್ಲಿ. 2002ರಲ್ಲಿ ಅದು ಇಂಟರ್‌ನೆಟ್ ಮೂಲಕ ಟಿಕೆಟ್ ಕೊಡಲು ತೊಡಗಿತು. ಆಗಿನ ಕ್ರಮ ಇಂದಿನವರಿಗೆ ತಮಾಷೆಯಾಗಿ ಕಾಣಬಹುದು. ಬುಕ್ ಮಾಡುವುದು ಕಂಪ್ಯೂಟರಿನಲ್ಲಿ, ಕಾಗದದ ಟಿಕೆಟ್ ಮನೆಗೆ ಬರುವುದು ಕೊರಿಯರ್‌ನಲ್ಲಿ! ಮನೆಯಲ್ಲೇ ಮುದ್ರಿಸಿಕೊಳ್ಳುವ ಇ-ಟಿಕೆಟ್ ಬಂದದ್ದು 2005ರಲ್ಲಿ. ಇಂದು ಕಾಯ್ದಿರಿಸಿದ ಟಿಕೆಟುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಆನ್‌ಲೈನ್‌ನಲ್ಲೇ ಆಗುತ್ತವೆ. ಕೌಂಟರಿನ ಸಾಲು ಕಿರಿದಾಗಿದೆ. ಅದರ ಜತೆಗೆ ಕೌಂಟರಿನ ಗುಮಾಸ್ತರು ಮಾಡುತ್ತಿದ್ದ ಎಚ್ಚರಿಕೆಯ ಕೆಲಸವೂ ನಮ್ಮ ತಲೆಗೇ ಬಂದಿದೆ.

ನೀವು ಲಾಗಿನ್ ಆಗುವ ಈ ಬುಕಿಂಗ್ ಖಾತೆಯಲ್ಲಿ ಅಂಥದ್ದೇನಿದೆ, ಕದಿಯಲು? ಟಿಕೆಟ್ ತಾನೇ ಎನ್ನಬಹುದು ನೀವು. ಅದರಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ, ವಿಳಾಸ, ಫೋನ್ ನಂಬರು ಇವೆ. ಮತ್ತೆ ಮತ್ತೆ ಬರೆಯುವುದು ತಪ್ಪಲಿ ಎಂದು ಮನೆಯವರೆಲ್ಲರ ಹೆಸರು, ವಯಸ್ಸುಗಳ ಪಟ್ಟಿಯನ್ನೂ ಅಲ್ಲೇ ಇಟ್ಟುಕೊಳ್ಳಬಹುದು. ಎಲ್ಲಕ್ಕಿಂತ ಮಿಗಿಲಾಗಿ, ನೀವು ಯಾವ ದಿನ ಹೊರಡುತ್ತೀರಿ, ಯಾವ ದಿನ ಮರಳುತ್ತೀರಿ ಎಂಬುದು ಅಲ್ಲಿದೆ. ಎಂದರೆ ನಿಮ್ಮ ಮನೆಗೆ ಯಾವ ದಿನ ಬೀಗ ಬಿದ್ದಿರುತ್ತದೆ ಎಂಬ ಸುದ್ದಿ. ಇದನ್ನು ದಾರಿಯಲ್ಲಿ ಸಿಕ್ಕವರಿಗೆ ನಾವು ಹೇಳುವುದಿಲ್ಲ, ಅಲ್ಲವೇ?

ಇನ್ನೊಂದು ಸಂಗತಿ. ಕಳ್ಳ ಹೆಸರಿನ ಖಾತೆಗಳನ್ನು ನೂರಾರು ತೆರೆದು, ತತ್ಕಾಲ್ ಟಿಕೆಟ್ ಬಾಚಿ, ಹೆಚ್ಚಿನ ಬೆಲೆಗೆ ಮಾರುವ ದಂಧೆ ಬಹಳ ಕಾಲದಿಂದ ಇದೆ. 2025ರಲ್ಲಿ ರೈಲ್ವೆ ಇಲಾಖೆ ಸುಮಾರು ಎರಡೂವರೆ ಕೋಟಿ ಅನುಮಾನಾಸ್ಪದ ಐಡಿಗಳನ್ನು ಮುಚ್ಚಿದ್ದಾಗಿ ಹೇಳಿತು. ಎರಡೂವರೆ ಕೋಟಿ! ಪರವಾನಗಿ ಇಲ್ಲದೆ ಟಿಕೆಟ್ ಮಾರುವುದು ರೈಲ್ವೆ ಕಾಯ್ದೆಯ 143ನೇ ಕಲಮಿನ ಕೆಳಗೆ ಅಪರಾಧ. ಮೂರು ವರ್ಷದವರೆಗೆ ಸೆರೆವಾಸವಿದೆ. ನಿಮ್ಮ ಐಡಿಯಿಂದ ಬೇರೆ ಯಾರೋ ಈ ವ್ಯಾಪಾರ ಮಾಡಿದರೆ ಮೊದಲು ವಿಚಾರಿಸುವುದು ನಿಮ್ಮನ್ನೇ.

ಹಾಗಾದರೆ ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ಅವಸರವಿಲ್ಲದ ದಿನ ಕುಳಿತುಕೊಳ್ಳಿ. ಈ ಖಾತೆ ಟಿಕೆಟಿಗಿಂತ ದೊಡ್ಡದು ಎಂದು ತಿಳಿದುಕೊಳ್ಳಿ. ಈಗ ಮುಂದಿನ ಪ್ರಶ್ನೆ: ಈ ಖಾತೆ ನಿಜವಾಗಿ ಯಾರದು?

ವಿಚಿತ್ರ ಪ್ರಶ್ನೆ ಅನ್ನಿಸಬಹುದು. ನನ್ನ ಹೆಸರಿದೆ, ನನ್ನದೇ ಎನ್ನುತ್ತೀರಿ. ಆನ್‌ಲೈನ್ ವ್ಯವಸ್ಥೆ ಹಾಗೆ ಲೆಕ್ಕ ಹಾಕುವುದಿಲ್ಲ. ನೋಂದಣಿ ಮಾಡುವಾಗ ಒಂದು ಮೊಬೈಲ್ ನಂಬರು ಕೇಳುತ್ತದೆ, ಒಂದು ಇಮೇಲ್ ಕೇಳುತ್ತದೆ. ಎರಡಕ್ಕೂ ಓಟಿಪಿ, ಅಂದರೆ ಒಂದೇ ಸಲ ನಡೆಯುವ ಗುಟ್ಟಿನ ಅಂಕಿ, ಕಳಿಸಿ ಪರೀಕ್ಷೆ ಮಾಡುತ್ತದೆ. ಮುಂದೆ ಪಾಸ್‌ವರ್ಡ್ ಮರೆತರೆ ಹೊಸದು ಸಿಗುವುದು ಈ ನಂಬರಿಗೆ, ಈ ಇಮೇಲಿಗೆ. ಆದ್ದರಿಂದ ನಂಬರು ಯಾರದೋ ಖಾತೆ ಅವರದು. ನಮ್ಮ ಊರುಗಳಲ್ಲಿ ಎಡವಟ್ಟು ಆಗುವುದು ಇಲ್ಲೇ. ಸೆಂಟರಿಗೆ ಹೋಗುತ್ತೇವೆ. 'ನಂಗೆ ಇಮೇಲ್ ಗಿಮೇಲ್ ಇಲ್ಲಪ್ಪ' ಅನ್ನುತ್ತೇವೆ. ಅವರು ತಮ್ಮದನ್ನೇ ಹಾಕುತ್ತಾರೆ. ಪಾಸ್‌ವರ್ಡನ್ನೂ ಅವರೇ ಇಟ್ಟು, ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಬಹುಪಾಲು ಜನ ಇದನ್ನು ಉಪಕಾರಕ್ಕೇ ಮಾಡುತ್ತಾರೆ, ಅನುಮಾನ ಬೇಡ. ಆದರೆ ಅದು ಗೃಹಪ್ರವೇಶ ಮುಗಿದ ಮೇಲೂ ಬೀಗದ ಕೈಯನ್ನು ಮೇಸ್ತ್ರಿಯ ಹತ್ತಿರವೇ ಬಿಟ್ಟ ಹಾಗೆ.

ಮಕ್ಕಳು ಮಾಡಿಕೊಟ್ಟ ಖಾತೆಯಲ್ಲಿ ಇನ್ನೊಂದು ಬಗೆಯ ತೊಡಕು. ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಊರಿಗೆ ಬಂದಾಗ ಅಪ್ಪನಿಗೆ ಖಾತೆ ಮಾಡಿಕೊಟ್ಟ. ಇಮೇಲು ಅವನದು. ಇಲ್ಲಿ ಬೆಳಿಗ್ಗೆ ಹತ್ತಕ್ಕೆ ತತ್ಕಾಲ್ ತೆರೆಯುವಾಗ ಅಲ್ಲಿ ನಡುರಾತ್ರಿ. ಪಾಸ್‌ವರ್ಡ್ ಕೈಕೊಟ್ಟರೆ ಅಪ್ಪ ಯಾರನ್ನು ಎಬ್ಬಿಸಬೇಕು? ಆದ್ದರಿಂದ ಮಕ್ಕಳ ನೆರವು ಪಡೆಯಿರಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ನಂಬರು ಮತ್ತು ಇಮೇಲ್ ಮಾತ್ರ ನಿಮ್ಮವೇ ಇರಲಿ. ಇಮೇಲ್ ಇಲ್ಲದಿದ್ದರೆ ಅದನ್ನು ಮೊದಲು ತೆರೆಯಿರಿ. ನೀವು ಸದಾ ರೀಚಾರ್ಜ್ ಮಾಡಿಸುವ ನಂಬರನ್ನೇ ಕೊಡಿ. ಬಿಟ್ಟುಬಿಟ್ಟ ನಂಬರು ಕೆಲವು ತಿಂಗಳಾದ ಮೇಲೆ ಬೇರೆ ಯಾರಿಗೋ ಹೋಗುತ್ತದೆ.

ನೋಂದಣಿ ಮಾಡುವಾಗ ಈ ನಂಬರು ಆಗಲೇ ನೋಂದಣಿಯಾಗಿದೆ ಎಂದು ಬಂದರೆ ಹೆದರಬೇಡಿ. ಹಿಂದೆ ಯಾವಾಗಲೋ ಯಾರೋ ನಿಮಗಾಗಿ ಖಾತೆ ತೆರೆದಿದ್ದಾರೆ ಎಂದರ್ಥ. ಲಾಗಿನ್ ಜಾಗದಲ್ಲೇ ಖಾತೆಯ ವಿವರ ಮರೆತಿದ್ದೀರಾ ಎಂಬ ಸಾಲು ಇರುತ್ತದೆ. ಅದರಿಂದ ಹಳೆಯ ಖಾತೆಯನ್ನು ಕೈಗೆ ತೆಗೆದುಕೊಂಡು ಪಾಸ್‌ವರ್ಡ್ ಬದಲಿಸಿ. ನೋಂದಣಿಗೆ ರೈಲ್ವೆ ಹಣ ಕೇಳುವುದಿಲ್ಲ, ಇದೂ ನೆನಪಿರಲಿ.

ಸರಿ. ದಿನ ನಿಮ್ಮದು, ನಂಬರು ನಿಮ್ಮದು, ಇಮೇಲ್ ನಿಮ್ಮದು. ಈಗ ಹೋಗಬೇಕಾದ ಜಾಗ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾಗದ ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಿ.

ವಿಳಾಸವನ್ನು ನೀವೇ ಬೆರಳಿನಿಂದ ಟೈಪ್ ಮಾಡಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದನ್ನು ಒತ್ತಬೇಡಿ. ಹಣ ಕೊಟ್ಟ ಜಾಹೀರಾತು ಮೇಲೆ ಬರಬಹುದು. ವಾಟ್ಸಾಪಿನಲ್ಲಿ ಬಂದ ಲಿಂಕ್ ಅಂತೂ ಬೇಡ, ಅದು ಸೋದರಮಾವ ಕಳಿಸಿದ್ದಾದರೂ ಸರಿ. ವಿಳಾಸ ಹೀಗಿದೆ: ಐ, ಆರ್, ಸಿ, ಟಿ, ಸಿ. ಒಂದು ಚುಕ್ಕಿ. ಸಿ, ಓ. ಇನ್ನೊಂದು ಚುಕ್ಕಿ. ಐ, ಎನ್. ಮತ್ತೆ ಹೇಳುತ್ತೇನೆ. ಐಆರ್‌ಸಿಟಿಸಿ ಚುಕ್ಕಿ ಸಿಓ ಚುಕ್ಕಿ ಐಎನ್.

ವಿಳಾಸವನ್ನು ಓದುವುದಕ್ಕೂ ಒಂದು ರೀತಿ ಇದೆ. ನಾವು ಎಡದಿಂದ ಓದಿ, ಮೊದಲಲ್ಲಿ ಪರಿಚಯದ ಹೆಸರು ಕಂಡರೆ ಸಾಕು ಎಂದುಕೊಳ್ಳುತ್ತೇವೆ. ವಿಳಾಸದ ಯಜಮಾನನ ಹೆಸರು ಇರುವುದು ಬಲಗಡೆ, ಮೊದಲ ಒಂಟಿ ಓರೆಗೆರೆಗಿಂತ ಮುಂಚೆ. 2023ರಲ್ಲಿ ಒಂದು ಸುಳ್ಳು ತಾಣ ಹರಿದಾಡಿತು. ಐಆರ್‌ಸಿಟಿಸಿಯೇ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅದರ ವಿಳಾಸ ಐಆರ್‌ಸಿಟಿಸಿ ಚುಕ್ಕಿ ಕ್ರೆಡಿಟ್‌ಮೊಬೈಲ್ ಚುಕ್ಕಿ ಸೈಟ್. ಮುಂದೆ ರೈಲ್ವೆಯ ಹೆಸರು. ಹಿಂದಿನಿಂದ ಓದಿದರೆ ಯಜಮಾನ ಕ್ರೆಡಿಟ್‌ಮೊಬೈಲ್! ಆ ತಾಣ ಜನರ ಫೋನಿಗೆ ಒಂದು ಆ್ಯಪ್ ಇಳಿಸುತ್ತಿತ್ತು. ನೋಡಲು ಅಸಲಿಯಂತೆಯೇ ಇದ್ದ ಆ ಆ್ಯಪ್ ಒಳಗಿಂದೊಳಗೆ ಬ್ಯಾಂಕಿನ ಗುಟ್ಟುಗಳನ್ನು ಕದಿಯಲೆಂದೇ ಮಾಡಿದ್ದು.

ವಿಳಾಸದ ಪಕ್ಕದಲ್ಲಿ ಚಿಕ್ಕ ಬೀಗದ ಚಿತ್ರವಿದ್ದರೆ ಸುರಕ್ಷಿತ ಎಂದು ಹಿಂದೆ ಹೇಳಿಕೊಡುತ್ತಿದ್ದರು. ಆ ಪಾಠ ಈಗ ಹಳೆಯದಾಯಿತು. ನಿಮ್ಮ ಮತ್ತು ಆ ತಾಣದ ನಡುವಿನ ಮಾತು ಮೂರನೆಯವರಿಗೆ ಕೇಳಿಸುವುದಿಲ್ಲ ಎಂದಷ್ಟೇ ಆ ಚಿತ್ರದ ಭರವಸೆ. ಆ ಕಡೆ ಇರುವವನು ಸಂಭಾವಿತನೇ ಎಂದು ಅದು ಹೇಳುವುದಿಲ್ಲ. ಕಳ್ಳ ತಾಣಗಳೂ ಆ ಚಿತ್ರ ಪಡೆಯುತ್ತವೆ. ಗೂಗಲ್‌ನ ಕ್ರೋಮ್ 2023ರಲ್ಲಿ ವಿಳಾಸದ ಪಟ್ಟಿಯಿಂದ ಆ ಬೀಗವನ್ನೇ ತೆಗೆದುಹಾಕಿತು.

ಫೋನಿನಲ್ಲಿ ಆ್ಯಪ್ ಬಳಸುವವರು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ ಇಳಿಸಿಕೊಳ್ಳಿ. ಐಆರ್‌ಸಿಟಿಸಿಯ ಆ್ಯಪ್ ಹೆಸರು ರೈಲ್ ಕನೆಕ್ಟ್. 2025ರ ಜುಲೈನಲ್ಲಿ ರೈಲ್‌ಒನ್ ಎಂಬ ಇನ್ನೊಂದು ಬಂದಿದೆ. ಅದನ್ನು ಮಾಡಿದ್ದು ರೈಲ್ವೆಯದೇ ಆದ ಕ್ರಿಸ್ ಸಂಸ್ಥೆ. ಒಂದೇ ಐಡಿ ಎರಡಕ್ಕೂ ನಡೆಯುತ್ತದೆ. ಇಳಿಸುವ ಮುನ್ನ ಆ್ಯಪ್ ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ತಯಾರಕರ ಹೆಸರಿರುತ್ತದೆ. ಕನ್ನಡಕ ಹಾಕಿಕೊಂಡು ಅದನ್ನು ಓದಿ.

ಇಷ್ಟಾಯಿತು. ಸರಿಯಾದ ವಿಳಾಸಕ್ಕೆ ನೀವಾಗಿಯೇ ಬಂದಿದ್ದೀರಿ. ಇನ್ನು ಪಾಸ್‌ವರ್ಡ್.

ನಮ್ಮ ಜನ ಇಡುವ ಪಾಸ್‌ವರ್ಡ್ ಊಹಿಸುವುದು ಕಷ್ಟವಲ್ಲ. ಮನೆದೇವರ ಹೆಸರು, ಅದರ ಮುಂದೆ ಒಂದು ಎರಡು ಮೂರು. ಇಲ್ಲವೇ ಮೊಮ್ಮಗಳ ಹೆಸರು ಮತ್ತು ಹುಟ್ಟಿದ ವರ್ಷ. ದೇವರು ಕಾಪಾಡುತ್ತಾನೆ, ನಿಜ. ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ಅವನ ಮೇಲೆ ಹೊರೆ ಹಾಕಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕನ್ನಡ ಪದಗಳನ್ನು ಆರಿಸಿ. ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ನಡುವೆ ಒಂದೆರಡು ಅಂಕಿ, ಒಂದು ಚಿಹ್ನೆ, ಒಂದು ದೊಡ್ಡ ಅಕ್ಷರ ಸೇರಿಸಿ. ಈ ತಾಣ ಅವನ್ನೆಲ್ಲ ಕೇಳುತ್ತದೆ. ಎಷ್ಟು ಉದ್ದ ಹಿಡಿಸುತ್ತದೋ ಅಷ್ಟು ಉದ್ದ ಇಡಿ. ಬ್ಯಾಂಕಿನ ಪಾಸ್‌ವರ್ಡ್, ಇಮೇಲಿನ ಪಾಸ್‌ವರ್ಡ್ ಇಲ್ಲಿ ಬೇಡ. ಒಂದು ಕಡೆ ಸೋರಿದ್ದನ್ನು ಕಳ್ಳರು ಬೇರೆ ಕಡೆಯೂ ಹಾಕಿ ನೋಡುತ್ತಾರೆ. ಅದಕ್ಕೆಂದೇ ಅವರ ಬಳಿ ಯಂತ್ರಗಳಿವೆ.

ಬರೆದಿಡಬಾರದು ಎಂಬ ಹಳೆಯ ನಿಯಮವನ್ನು ನಾನು ಒಪ್ಪುವುದಿಲ್ಲ. ಎಪ್ಪತ್ತರ ವಯಸ್ಸಿನವರು ಹತ್ತು ಪಾಸ್‌ವರ್ಡ್ ನೆನಪಿಡಬೇಕು ಎಂದರೆ ಅವರು ಹತ್ತಕ್ಕೂ ಒಂದನ್ನೇ ಇಡುತ್ತಾರೆ. ಅದಕ್ಕಿಂತ ಮನೆಯ ಕಪಾಟಿನ ಡೈರಿಯಲ್ಲಿ ಬರೆದಿಡುವುದು ಎಷ್ಟೋ ವಾಸಿ. ದೂರದ ಊರಿನ ಕಳ್ಳನ ಕೈ ನಿಮ್ಮ ಕಪಾಟಿಗೆ ಎಟುಕುವುದಿಲ್ಲ. ಫೋನಿನ ಕವರಿನ ಹಿಂದೆ ಮಾತ್ರ ಚೀಟಿ ಸಿಕ್ಕಿಸಬೇಡಿ.

ಯೂಸರ್ ಐಡಿ ಮತ್ತು ಪಾಸ್‌ವರ್ಡ್ ತುಂಬಿದ ಮೇಲೆ ಕೆಳಗೆ ಕೆಲವು ಅಕ್ಷರ, ಅಂಕಿಗಳು ಕಾಣುತ್ತವೆ. ಒಂದು ಕುಣಿಯುತ್ತಿರುತ್ತದೆ, ಒಂದು ಮಲಗಿರುತ್ತದೆ. ಅವುಗಳ ಹಿಂದೆ ಗೀಚಿದ ಗೆರೆಗಳಿರಬಹುದು. ಇದಕ್ಕೆ ಕ್ಯಾಪ್ಚಾ ಎನ್ನುತ್ತಾರೆ. ನೀವು ಮನುಷ್ಯರೇ, ತಾನಾಗಿ ಟಿಕೆಟ್ ಬಾಚುವ ತಂತ್ರಾಂಶವೇ ಎಂದು ನೋಡುವ ಪರೀಕ್ಷೆ. ದೊಡ್ಡಕ್ಷರ ಕಂಡರೆ ದೊಡ್ಡಕ್ಷರವನ್ನೇ ಒತ್ತಬೇಕು. ಓದಲಾಗದಿದ್ದರೆ ಪಕ್ಕದ ಸುತ್ತು ಬಾಣ ಒತ್ತಿ, ಹೊಸದು ಬರುತ್ತದೆ. ಇಲ್ಲಿ ತಪ್ಪುವುದು ಎಲ್ಲರಿಗೂ ಸಹಜ. ಮಧ್ಯರಾತ್ರಿಯ ಆಸುಪಾಸು ಸುಮಾರು ಅರ್ಧ ಗಂಟೆ ವ್ಯವಸ್ಥೆಯೇ ಮುಚ್ಚಿರುತ್ತದೆ. ಆಗ ಲಾಗಿನ್ ಆಗದಿದ್ದರೆ ತಪ್ಪು ನಿಮ್ಮದಲ್ಲ.

ಒಳಗೆ ಬಂದಿರಿ. ನಿಮ್ಮ ಹೆಸರು ಕಾಣಿಸಿತು. ಬಹಳ ಜನ ಇಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ. ಇನ್ನೊಂದು ಕೆಲಸ ಉಳಿದಿದೆ, ಆಧಾರ್ ದೃಢೀಕರಣ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಇದು ಕಡ್ಡಾಯವಾಗಿದೆ. ಅದೇ ವರ್ಷದ ಅಕ್ಟೋಬರ್‌ನಿಂದ ಸಾಮಾನ್ಯ ಮುಂಗಡ ಬುಕಿಂಗ್ ತೆರೆಯುವ ಹೊತ್ತಿಗೂ ಇದನ್ನು ಅನ್ವಯಿಸಿದರು. ತೊಂದರೆ ಬರುವುದು ನಮ್ಮ ಹೆಸರುಗಳಿಂದ. ಉತ್ತರದವರಿಗೆ ಹೆಸರು, ಅಡ್ಡಹೆಸರು ಅಷ್ಟೇ. ನಮಗೆ ಊರಿನದೊಂದು, ತಂದೆಯದೊಂದು ಇನಿಷಿಯಲ್. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ ಇದ್ದು ಇಲ್ಲಿ ಮುಂದೆ ಬರೆದರೆ, ಅಲ್ಲಿ ಬಿಡಿಸಿ ಬರೆದದ್ದನ್ನು ಇಲ್ಲಿ ಮೊಟಕು ಮಾಡಿದರೆ, ಹೊಂದಾಣಿಕೆ ಆಗುವುದಿಲ್ಲ. ಆದ್ದರಿಂದ ನೋಂದಣಿಗೆ ಮುಂಚೆಯೇ ಆಧಾರ್ ಕಾರ್ಡ್ ಎದುರಿಗಿಟ್ಟುಕೊಂಡು ಅದರಲ್ಲಿರುವಂತೆಯೇ ಬರೆಯಿರಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. ಓಟಿಪಿ ಹೋಗುವುದು ಆ ನಂಬರಿಗೆ. ಇವೆಲ್ಲ ತತ್ಕಾಲ್‌ನ ಹತ್ತು ನಿಮಿಷದಲ್ಲಿ ಆಗುವ ಕೆಲಸಗಳೇ? ಪ್ರಯಾಣವಿಲ್ಲದ ದಿನ ಎಂದು ನಾನು ಹಟ ಹಿಡಿದದ್ದು ಇದಕ್ಕೇ.

ಈ ದೃಢೀಕರಣ ನಡೆಯುವುದು ಲಾಗಿನ್ ಆದ ಮೇಲೆ, ನನ್ನ ಖಾತೆ ಎಂಬ ವಿಭಾಗದ ಒಳಗೆ. 'ನಿಮ್ಮ ಐಡಿ ರದ್ದಾಗುತ್ತಿದೆ, ಈ ಲಿಂಕ್ ಒತ್ತಿ ಆಧಾರ್ ಕೊಡಿ' ಎಂಬ ಮೆಸೇಜು ಬಂದರೆ ಅಳಿಸಿಹಾಕಿ.

ದಿನ, ನಂಬರು, ವಿಳಾಸ, ಪಾಸ್‌ವರ್ಡ್, ಆಧಾರ್. ಇಷ್ಟೂ ಆದವು. ಉಳಿದದ್ದು ಓಟಿಪಿಯ ಮಾತು. ಓಟಿಪಿ ಯಾರಿಗೂ ಹೇಳಬೇಡಿ ಎಂದು ಫೋನಿನ ಕಾಲರ್ ಟ್ಯೂನ್‌ನಲ್ಲೂ ಕೇಳಿ ಕೇಳಿ ನಿಮಗೆ ಸಾಕಾಗಿದೆ. ನಾನು ಬೇರೆ ರೀತಿ ಹೇಳುತ್ತೇನೆ. ಓಟಿಪಿ ಬಂದಾಗ ಅಂಕಿಯನ್ನಷ್ಟೇ ನೋಡಬೇಡಿ, ಮೆಸೇಜನ್ನು ಪೂರ್ತಿ ಓದಿ. ಇದು ಯಾವ ಕೆಲಸಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ. ನೀವು ಲಾಗಿನ್ ಆಗುತ್ತಿದ್ದೀರಿ, ಮೆಸೇಜಿನಲ್ಲಿ ಹಣ ಪಾವತಿ ಎಂದಿದೆ. ಅಲ್ಲಿಗೇ ನಿಲ್ಲಿಸಿ. ನೀವು ಏನೂ ಮಾಡದೆ ಸುಮ್ಮನೆ ಕುಳಿತಾಗ ಓಟಿಪಿ ಬಂದರೆ, ಬೇರೆ ಯಾರೋ ನಿಮ್ಮ ಖಾತೆಯನ್ನು ತಡಕಾಡುತ್ತಿದ್ದಾರೆ. ಆಗ ವಿಳಾಸ ಟೈಪ್ ಮಾಡಿ ಒಳಹೋಗಿ ಪಾಸ್‌ವರ್ಡ್ ಬದಲಿಸಿ.

ಹೊಸಬರನ್ನು ಹೆಚ್ಚಾಗಿ ಹಿಡಿಯುವ ಗಾಳ ಎಂದರೆ ರೀಫಂಡ್. ಟಿಕೆಟ್ ರದ್ದಾಗಿದೆ, ಹಣ ಬಂದಿಲ್ಲ. ಸಿಟ್ಟಿಗೆ ಸಾಮಾಜಿಕ ಜಾಲತಾಣದಲ್ಲಿ ಟಿಕೆಟಿನ ಪಿಎನ್ಆರ್ ಸಂಖ್ಯೆ ಮತ್ತು ಫೋನ್ ನಂಬರು ಸಮೇತ ದೂರು ಹಾಕುತ್ತೀರಿ. ಸ್ವಲ್ಪ ಹೊತ್ತಿಗೆ ಬಹಳ ಮರ್ಯಾದೆಯ ದನಿಯ ಕರೆ ಬರುತ್ತದೆ. ರೈಲ್ವೆಯಿಂದ ಮಾತಾಡುತ್ತಿದ್ದೇನೆ ಎನ್ನುತ್ತಾನೆ. ನಿಮ್ಮ ಪಿಎನ್ಆರ್ ತಾನೇ ಓದಿ ಹೇಳುತ್ತಾನೆ. ನಂಬದೆ ಇರಲು ಹೇಗಾಗುತ್ತದೆ? ಆಮೇಲೆ ಒಂದು ಆ್ಯಪ್ ಇಳಿಸಿಕೊಳ್ಳಿ ಎನ್ನುತ್ತಾನೆ. ಅದು ನಿಮ್ಮ ಪರದೆಯನ್ನು ಅವನಿಗೆ ತೋರಿಸುವ ಆ್ಯಪ್. ರೀಫಂಡ್ ಯಾವತ್ತೂ ಹೀಗೆ ಬರುವುದಿಲ್ಲ. ಯಾವ ಖಾತೆಯಿಂದ ಹಣ ಹೋಗಿತ್ತೋ ಆ ಖಾತೆಗೆ ತಾನಾಗಿ ಮರಳುತ್ತದೆ. ವೇಟಿಂಗ್ ಲಿಸ್ಟಿನಲ್ಲೇ ಪೂರ್ತಿ ಉಳಿದ ಇ-ಟಿಕೆಟ್ ಚಾರ್ಟ್ ಆದ ಮೇಲೆ ತಾನೇ ರದ್ದಾಗಿ ಹಣ ಬರುತ್ತದೆ. ಸಹಾಯ ಬೇಕಾದರೆ ನೀವೇ ಕರೆ ಮಾಡಿ. ಐಆರ್‌ಸಿಟಿಸಿಯ ಸಹಾಯವಾಣಿ 14646, ರೈಲ್ವೆಯದು 139. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಹತ್ತಂಕಿಯ ಮೊಬೈಲ್ ನಂಬರು ಬೇಡ.

ಬೇರೆಯವರ ಕಂಪ್ಯೂಟರಿನಲ್ಲಿ ಲಾಗಿನ್ ಆಗಲೇಬೇಕಾಗಿ ಬಂದರೆ ಪಾಸ್‌ವರ್ಡ್ ಉಳಿಸಲೇ ಎಂಬ ಪ್ರಶ್ನೆಗೆ ಬೇಡ ಎನ್ನಿ. ಏಳುವ ಮುನ್ನ ಲಾಗ್ಔಟ್ ಒತ್ತಿ. ಕಿಟಕಿ ಮುಚ್ಚಿದರೆ ಸಾಲದು.

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಮನೆಯವರು ಬೈಯುತ್ತಾರೆ ಎಂದು ಎರಡು ದಿನ ಸುಮ್ಮನಿದ್ದವರ ಹಣ ಅಷ್ಟರಲ್ಲಿ ನಾಲ್ಕಾರು ಖಾತೆ ದಾಟಿರುತ್ತದೆ. ಸೈಬರ್ ವಂಚನೆಗೆ ದೇಶಕ್ಕೆಲ್ಲ ಒಂದೇ ನಂಬರಿದೆ. ಕೂಡಲೇ ಕರೆ ಮಾಡಿದರೆ ಹಣ ಮುಂದೆ ಹೋಗದಂತೆ ತಡೆಯುವ ಅವಕಾಶ ಹೆಚ್ಚು. ಆ ನಂಬರು 1930. ಒಂದು, ಒಂಬತ್ತು, ಮೂರು, ಸೊನ್ನೆ. ಇವತ್ತೇ ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ. ಮನೆಯ ಹಿರಿಯರ ಫೋನಿನಲ್ಲೂ ಹಾಕಿಕೊಡಿ.